ಸದರಿ ಯಂತ್ರವು

ವಾಲ್ಪರೈಸೊ ಪಾಲಿಕೆ, ಎರಡನೇ ಮಹಡಿ,
ನಾಲ್ಕನೇ ಕಿಟಕಿ. ನಾನು ಕೂರುವುದು ಅಲ್ಲಿ.
ಫುಟ್‌ಪಾತಿನ ಮೇಲೆ ಏನೇ ಇಡಲಿ, ಏನೇ ಉರುಳಲಿ
ಮೊದಲು ನನ್ನ ಮೇಜಿನ ಮೇಲೆ ಉರುಳಬೇಕು.
ಕಡಲೆಕಾಯಿ ಗಾಡಿ, ಗಿಟಾರಿನವನ ಸ್ಟೂಲು,
ಶವಪೆಟ್ಟಿಗೆ ಅಂಗಡಿಯ ಬೋರ್ಡು,
ಎಲ್ಲಕ್ಕೂ ಅಳತೆಯುಂಟು, ಶುಲ್ಕವುಂಟು, ಠಸ್ಸೆಯುಂಟು.

ಮಾರ್ಚಿನಲ್ಲಿ ಒಂದು ಅರ್ಜಿ ಬಂತು.
ಆರು ಚಕ್ರ, ಒಂದು ಮುಚ್ಚಳ,
ಒಳಗೆ ಮಾಂಸದ ಬಿಸಿ ಕಡುಬು,
ನಡೆಸುವವರು ಯಾರೂ ಇಲ್ಲ.
'ವರ್ಗ' ಎಂಬ ಕಾಲಮ್ಮನ್ನು
ಕಂಪನಿಯ ಹುಡುಗಿ ಫ್ರೆಸಿಯಾ ಮಾರಿಲೆಯೊ
ಖಾಲಿ ಬಿಟ್ಟಿದ್ದಳು.

ವಾಹನವೇ? ಹಾಗಾದರೆ ರಸ್ತೆಗಿಳಿಯಲಿ.
ವ್ಯಾಪಾರಿಯೇ? ಗುರುತಿನ ಚೀಟಿ ತೋರಿಸಲಿ.
ಪಾದಚಾರಿಯೇ? ಪಾದ ಎಲ್ಲಿ?
ನನ್ನ ಬಳಿ ಇದ್ದದ್ದು ನನಗಿಂತ ಹಳೆಯ ನಿಯಮಪುಸ್ತಕ.
ಅದರಲ್ಲಿ ಹತ್ತಿರಕ್ಕೆ ಬಂದ ಪದ ಒಂದೇ:
'ಒಡೆಯ ಜೊತೆಗಿಲ್ಲದೆ ಹೊರೆ ಹೊತ್ತು ಸಾಗುವ ಕತ್ತೆ.'
ಅದನ್ನೇ ಬರೆದೆ.
ಪೆನ್ಸಿಲ್ಲಿನಲ್ಲಿ.

ಅಹವಾಲಿನ ದಿನ ಮೊದಲು ಎದ್ದವಳು
ಲಾಟರಿ ಮಾರುವ ಎದುವಿಹಿಸ್ ಕರ್ರೆನ್ಯೊ.
ಬಿಳಿ ಕೋಲು ಮಡಚಿ ಕಂಕುಳಲ್ಲಿಟ್ಟಳು.
'ನಾಯಿ ಉಸಿರಾಡುತ್ತೆ. ಮಗು ಚಪ್ಪಲಿ ಎಳೆಯುತ್ತೆ.
ಕುಡುಕ ಕೂಡ ಗೋಡೆಗೆ ಏನಾದರೂ ಹೇಳ್ತಾನೆ.
ಇದು ಮಾತ್ರ ಕಳ್ಳಬೆಕ್ಕು.
ಮೊಣಕಾಲಿಗೆ ತಗುಲಿದ ಮೇಲೇ ನನಗೆ ಪರಿಚಯ.'

ಸದ್ದು ಬೇಕು ಎಂದಾಯಿತು. ಯಾವ ಸದ್ದು?
ಫ್ರೆಸಿಯಾ ಫೋನಿನಿಂದ ಒಂದೊಂದೇ ಕೇಳಿಸಿದಳು.
ಗಂಟೆ. (ಅದು ಕಸದ ಲಾರಿಯದು.)
ಕಡಲಹಕ್ಕಿ. (ಸಭೆ ನಕ್ಕಿತು, ಹೊರಗೆ ಅಸಲಿಯೇ ಕೂಗುತ್ತಿತ್ತು.)
ಕೊನೆಗೆ ಚಾಕು ಸಾಣೆಯವನ ಕೊಳಲು,
ಮೇಲಿಂದ ಕೆಳಕ್ಕೆ ಜಾರುವ ಆ ಐದು ಸ್ವರ.
'ನಿಮ್ಮೂರಿನದೇ ಸದ್ದು' ಎಂದಳು, 'ಎಲ್ಲರಿಗೂ ಇಷ್ಟ.'

ಹಿಂದಿನ ಬೆಂಚಿನಿಂದ ಒನೋಫ್ರೆ ಗತಿಕಾ ಎದ್ದ.
ಅಂಗಿಯ ಜೇಬಿಂದ ಕೊಳಲು ತೆಗೆದು ಊದಿದ.
ಅದೇ ಐದು. ಮುಂಬಲ್ಲಿಲ್ಲದ ಬಾಯಿಯ
ಸೋರುಗಾಳಿ ಮಾತ್ರ ಹೆಚ್ಚು.
'ಇದನ್ನು ಕೇಳಿ ಹೆಂಗಸರು ಕತ್ತರಿ ಹಿಡಿದು
ಬೆಟ್ಟ ಇಳಿದು ಬರ್ತಾರೆ, ಇನ್ನೂರ ಹನ್ನೊಂದು ಮೆಟ್ಟಿಲು.
ಎರಡು ಸಲ ಕಡುಬಿನ ಪೆಟ್ಟಿಗೆ ನೋಡಿ ವಾಪಸು ಹತ್ತಿದರೆ
ಮೂರನೇ ಸಲ ನನಗೂ ಇಳಿಯೋದಿಲ್ಲ.'

ಅವನ ಕಡತ ಹುಡುಕಿದೆ. ಧೂಳು, ಟ್ಯಾಗು, ನಲವತ್ತು ನವೀಕರಣ.
ಸಾಣೆಚಕ್ರ, ಒಂದು. ಸ್ಟೂಲು, ಒಂದು.
ಅಗಲ, ಅರವತ್ತು ಸೆಂಟಿಮೀಟರು.
ಕೊಳಲು ಎಲ್ಲೂ ಇಲ್ಲ.
ಉಸಿರಿಗೆ ಪರವಾನಗಿ ಬೇಕೆಂದು
ಆಗ ಯಾರಿಗೆ ಹೊಳೆದೀತು?

ರಾತ್ರಿ ಕೂತು ಹದಿನಾಲ್ಕನೇ ನಿಯಮ ಬರೆದೆ.
ಸದರಿ ಯಂತ್ರವು ಸಂತೆಚೀಲ ಹಿಡಿದ ಅಜ್ಜಿಯನ್ನು
ಹಿಂದೆ ಹಾಕತಕ್ಕದ್ದಲ್ಲ.
ಮಲಗಿದ ನಾಯಿಯನ್ನು ಎಬ್ಬಿಸತಕ್ಕದ್ದಲ್ಲ, ಸುತ್ತಿ ಹೋಗತಕ್ಕದ್ದು.
ಸದರಿ ಯಂತ್ರವು ಸದ್ದು ಮಾಡತಕ್ಕದ್ದು,
ಮತ್ತು ಸದರಿ ಸದ್ದು
ಈ ಊರಿನಲ್ಲಿ ಯಾರ ಅನ್ನವೂ ಆಗಿರತಕ್ಕದ್ದಲ್ಲ.
ಕಾನೂನು ವಿಭಾಗ 'ಅನ್ನ' ಹೊಡೆದು 'ಜೀವನೋಪಾಯ' ಎಂದಿತು.
ಇರಲಿ. ಅವರೂ ಏನಾದರೂ ಮಾಡಬೇಕಲ್ಲ.

ಈಗ ಅವು ಬಂದರಿನ ಸಮತಟ್ಟಿನಲ್ಲಷ್ಟೇ ಓಡಾಡುತ್ತವೆ,
ಆರು ತಿಂಗಳ ಮಟ್ಟಿಗೆ, ಒಟ್ಟು ಹನ್ನೆರಡು.
ಬೆಟ್ಟ ಹತ್ತುವ ಪ್ರಶ್ನೆಯನ್ನು ಮೆಟ್ಟಿಲುಗಳೇ ತೀರ್ಮಾನಿಸಿದವು,
ಅದಕ್ಕೆ ನನ್ನ ರುಜು ಬೇಕಾಗಲಿಲ್ಲ.
ಫ್ರೆಸಿಯಾ ತನ್ನದೇ ಒದ್ದೆ ಬೂಟಿನ ಸದ್ದು ಹಿಡಿದು ತುಂಬಿದ್ದಾಳೆ:
ಚಪ್, ಚಪ್, ಚಪ್.
'ಯಾರೋ ಬರ್ತಿದ್ದಾರೆ ಅಂತ ಗೊತ್ತಾಗುತ್ತೆ'
ಎನ್ನುತ್ತಾಳೆ ಎದುವಿಹಿಸ್,
'ಯಾರೂ ಅಲ್ಲ ಅಂತಲೂ.'

ಒನೋಫ್ರೆ ಅರ್ಜಿ ಕೊಟ್ಟ. ಸೇರ್ಪಡೆ: ಕೊಳಲು, ಒಂದು.
ದರಪಟ್ಟಿಯಲ್ಲಿ ಕೊಳಲಿಗೆ ದರವಿಲ್ಲ.
ಸೊನ್ನೆ ಒತ್ತಿದರೆ ಕಂಪ್ಯೂಟರು ಒಪ್ಪುವುದಿಲ್ಲ.
ಒಂದು ಪೆಸೊ ಎಂದು ಒತ್ತಿದೆ.
ಒಂದು ಪೆಸೊ ನಾಣ್ಯ ಈಗ ಟಂಕಿಸುವುದಿಲ್ಲ.
ಹತ್ತು ಕೊಡುತ್ತೇನೆ ಎಂದ, ಚಿಲ್ಲರೆ ನನ್ನಲ್ಲಿಲ್ಲ.

ಪರವಾನಗಿ ಅವನ ಜೇಬಿನಲ್ಲಿದೆ.
ಕಡತದಲ್ಲಿ, ಬಾಕಿ: ಒಂದು ಪೆಸೊ.
ನಾನದನ್ನು ಮುಚ್ಚಿಲ್ಲ.